ಬದಿಯಡ್ಕದ ಕಂಪ್ಯೂಟರ್ ರಿಪೇರಿ ಅಂಗಡಿ: 450 ರೂಪಾಯಿಗೆ ಮಾವನ ಆಟ ಸರಿಯಾಯ್ತು

ಅಂಗಡಿಯ ಹೆಸರು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. "ಬರೀರಿ ಟೀಚರೇ, ಹೆಸರು ಮಾತ್ರ ಬೇಡ. ಈಗಲೇ ನೆಲ ತುಂಬ ಸಿಪಿಯು ಕೂತಿದೆ, ಕಾಲಿಡ್ಲಿಕ್ಕೆ ಜಾಗ ಇಲ್ಲ" ಅಂತ ಅಂಗಡಿ ನಡೆಸುವ ಹುಡುಗನೇ ಹೇಳಿದ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆ, ಮಹಡಿ ಮೇಲೆ ಒಂದೇ ಕೋಣೆ, ಕೆಳಗೆ ಬೇಕರಿ. ಬೋರ್ಡು ಮಲಯಾಳ ಮತ್ತು ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಅದು ಮೊದಲು ಕಣ್ಣಿಗೆ ಚುಚ್ಚಿತು. ಆದರೆ ಹುಡುಗ ಬಾಯಿ ಬಿಟ್ಟರೆ ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕೂ ಸರಾಗ. ಹಾಗಾಗಿ ಬೋರ್ಡಿನ ವಿಷಯ ಅಲ್ಲಿಗೇ ಬಿಟ್ಟೆ.

ನಾನು ಅಲ್ಲಿಗೆ ಹೋದದ್ದು ನಮ್ಮ ಮಾವನ ದೆಸೆಯಿಂದ. ಮಾವನಿಗೆ 84 ವರ್ಷ. ಒಂದು ಕಾಲದಲ್ಲಿ ಎಲ್ಲಿ ಆಟ, ಅಂದರೆ ಯಕ್ಷಗಾನ, ಇದ್ದರೂ ತೆಂಗಿನ ಗರಿಯ ಸೂಟೆ ಹೊತ್ತಿಸಿ ಹಿಡಿದು ಗುಡ್ಡೆ ಹತ್ತಿ ಇಳಿದು ಹೋದವರು. ಈಗ ಮೊಣಕಾಲು ಬಗ್ಗುವುದಿಲ್ಲ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರುತ್ತಾರೆ, ಯೂಟ್ಯೂಬಿನಲ್ಲಿ ಆಟ ಹಾಕಿಕೊಡಬೇಕು. ಮೊಬೈಲು ಅವರಿಗೆ ಆಗದು. "ಅಷ್ಟು ಸಣ್ಣ ರಂಗಸ್ಥಳದಲ್ಲಿ ಯಾರು ಕುಣಿಯುವುದು?" ಅಂತ ಕೇಳುತ್ತಾರೆ.

ಕಳೆದ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಸಿಡಿಲು ಹೊಡೆಯಿತು. ಮೋಡೆಮ್ ಸತ್ತಿತು. ಕಂಪ್ಯೂಟರಿನ ನೆಟ್ ವಯರ್ ಚುಚ್ಚುವ ಜಾಗವೂ ಸತ್ತಿತು. ವಿಂಡೋಸ್ ಏಳಲೇ ಇಲ್ಲ. ಪೇಟೆಯ ಒಂದು ದೊಡ್ಡ ಅಂಗಡಿಗೆ ಕೊಟ್ಟೆವು (ಇದಲ್ಲ, ಬೇರೆ). ಹೊಸದಾಗಿ ವಿಂಡೋಸ್ 10 ಹಾಕಿ, ಒಂದು ವೈಫೈ ಡಾಂಗಲ್ ಚುಚ್ಚಿ ಕೊಟ್ಟರು. ಕಂಪ್ಯೂಟರ್ ಎದ್ದಿತು. ಆಟ ಮಾತ್ರ ಕೆಟ್ಟಿತು.

ಹೇಗೆ ಕೆಟ್ಟಿತು ಅಂದರೆ, ಪುಂಡುವೇಷ (ಎಳೆಯ ವೀರನ ವೇಷ) ಬಂದು ಧೀಂಗಿಣ, ಅಂದರೆ ಗಿರಗಿರ ಸುತ್ತುವ ಕುಣಿತ, ಹಾರಲು ಸುರು ಮಾಡಿದರೆ ಚೆಂಡೆ ಸರಿಯಾಗಿಯೇ ಕೇಳುತ್ತದೆ. ವೇಷ ಮಾತ್ರ ರಂಗಸ್ಥಳದ ಎಡಗಡೆ ಇದ್ದದ್ದು ಒಮ್ಮೆಲೇ ಬಲಗಡೆ ಕಾಣುತ್ತದೆ. ನಡುವೆ ಹಾರಿದ್ದು ಎಲ್ಲಿ? ಇಲ್ಲ! ಮೂರು ಸುತ್ತಿಗೆ ಒಂದು ಸುತ್ತು ಮಾತ್ರ ಕಣ್ಣಿಗೆ ಸಿಗುತ್ತದೆ. ಮಾವ ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ, "ಇವ ಎಂತ ತಾಳ ಬಿಟ್ಟು ಕುಣಿಯುವುದು? ಭಾಗವತರು ಹೇಳುವುದಿಲ್ಲವಾ ಇವನಿಗೆ?" ಅಂತ ಬೈದರು. ಅವರು ಬೈದ ಕಲಾವಿದ ಸಣ್ಣವನೇನಲ್ಲ. ಮರುದಿನ ಇನ್ನೊಬ್ಬನಿಗೂ ಅದೇ ಬೈಗುಳ. ಈಗಿನ ಹುಡುಗರಿಗೆ ಲಯ ಅಂದರೇನೆಂದು ಗೊತ್ತಿಲ್ಲ ಎಂಬ ತೀರ್ಮಾನಕ್ಕೇ ಬಂದುಬಿಟ್ಟರು. ಜೊತೆಗೆ ಎಲ್ಲರೂ ಸ್ವಲ್ಪ ದಪ್ಪ ಕಾಣುತ್ತಿದ್ದರು, ಕಿರೀಟವೂ ಅಗಲ.

ವಾಪಸ್ ಅದೇ ದೊಡ್ಡ ಅಂಗಡಿಗೆ ಫೋನ್ ಮಾಡಿದೆ. "ಮೇಡಂ, 2014ರ ಮೆಷಿನ್, ಅದರ ಆಯುಷ್ಯ ಮುಗಿಯಿತು" ಅಂತ 38,000 ರೂಪಾಯಿಯ ಕೊಟೇಶನ್ ವಾಟ್ಸಾಪ್ ಮಾಡಿದರು. ನೆಟ್ಟಿನವರನ್ನು ಕೇಳಿದರೆ ಪ್ಲಾನ್ ಏರಿಸಿ ಅಂದರು. 40 ಎಂಬಿಪಿಎಸ್‌ನಿಂದ 100ಕ್ಕೆ ಏರಿಸಿದೆ. ತಿಂಗಳ ಬಿಲ್ಲು ಏರಿತು. ಧೀಂಗಿಣ ಹಾಗೆಯೇ ಇತ್ತು.

ಆಮೇಲೆ ಸಿಪಿಯುವನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಪೆರ್ಲದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬದಿಯಡ್ಕಕ್ಕೆ ಹೋದೆ. ಹೋದದ್ದು ಶುಕ್ರವಾರ ಮಧ್ಯಾಹ್ನ. ಬಾಗಿಲು ಹಾಕಿತ್ತು. ಶುಕ್ರವಾರ 12ರಿಂದ ಎರಡೂವರೆ ತನಕ ತೆರೆಯುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕೆಳಗೆ ಬೇಕರಿಯಲ್ಲಿ ಎರಡು ಸಲ ಚಹಾ ಕುಡಿದು, ಮೆಟ್ಟಿಲ ಮೇಲೆ ಸಿಪಿಯು ಕಾಯುತ್ತಾ ಕೂತೆ. ಆ ಮೆಟ್ಟಿಲು ಬಹಳ ಕಡಿದು. ವಯಸ್ಸಾದವರು ಹುಷಾರು.

ಹುಡುಗ ಬಂದ. ಸಿಪಿಯು ಮುಟ್ಟಲಿಲ್ಲ. ನನ್ನನ್ನು ಸ್ಟೂಲಿನಲ್ಲಿ ಕೂರಿಸಿ, "ಎಂತ ಆಗ್ತದೆ ಹೇಳಿ ಟೀಚರೇ" ಅಂದ. ನಾನು ಧೀಂಗಿಣದ ಕಥೆ ಹೇಳಿದೆ. ಅವನು ಮೂರೇ ಪ್ರಶ್ನೆ ಕೇಳಿದ.

"ಚಿತ್ರ ಹಾರುವಾಗ ಸೌಂಡೂ ನಿಲ್ತದಾ?"

ಇಲ್ಲ, ಚೆಂಡೆ ಬಡಿಯುತ್ತಲೇ ಇರುತ್ತದೆ.

"ನಡುವಿನಲ್ಲಿ ಉರುಟು ಚಕ್ರ ತಿರುಗ್ತದಾ?"

ಇಲ್ಲ.

"ಹಾಗಾದ್ರೆ ನೆಟ್ಟಿನದ್ದಲ್ಲ. ನೆಟ್ ಸಾಲದಿದ್ರೆ ಚಕ್ರ ತಿರುಗಿ ಸೌಂಡು, ಚಿತ್ರ ಎರಡೂ ನಿಲ್ತದೆ, ಇಲ್ಲಾಂದ್ರೆ ಚಿತ್ರ ಮಸುಕಾಗ್ತದೆ. ಸೌಂಡು ಹೋಗ್ತಾ ಇದ್ದು ಚಿತ್ರ ಮಾತ್ರ ಹಾರಿದ್ರೆ ಕಂಪ್ಯೂಟರಿಗೆ ಬಿಡಿಸಿ ಮುಗಿಸ್ಲಿಕ್ಕೆ ಆಗ್ತಾ ಇಲ್ಲ ಅಂತ." ಈ ಒಂದು ಮಾತು ಒಂದು ತಿಂಗಳ ಮೊದಲು ಯಾರಾದರೂ ಹೇಳಿದ್ದರೆ ನನ್ನ ಪ್ಲಾನಿನ ದುಡ್ಡು ಉಳಿಯುತ್ತಿತ್ತು, ಅಲ್ವಾ?

ಮೂರನೇ ಪ್ರಶ್ನೆ: "ಸುರುವಿನಿಂದಲೇ ಹೀಗಾ, ಸ್ವಲ್ಪ ಹೊತ್ತಿನ ಮೇಲೆ ಜಾಸ್ತಿ ಆಗ್ತದಾ?" ಯೋಚಿಸಿದೆ. ಹೌದು. ಸುರುವಿನಲ್ಲೂ ಉಂಟು, ಆದರೆ ಅರ್ಧ ಗಂಟೆಯ ಮೇಲೆ ತೀರಾ ಜಾಸ್ತಿ. ಅವನು ತಲೆ ಆಡಿಸಿ, "ಎರಡು ರೋಗ ಇರ್ಬೇಕು" ಅಂದ.

ಅವನ ಮಾನಿಟರಿಗೆ ಚುಚ್ಚಿ ಆನ್ ಮಾಡಿದ. ಡಿವೈಸ್ ಮ್ಯಾನೇಜರ್ ತೆರೆದು ಒಂದು ಸಾಲಿಗೆ ಬೆರಳಿಟ್ಟು ತೋರಿಸಿದ: ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್. "ಇಲ್ಲಿ ಇಂಟೆಲ್ ಅಂತ ಇರ್ಬೇಕಿತ್ತು." ಅಂದರೆ ಚಿತ್ರ ತೋರಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರೇ ಹಾಕಿಲ್ಲ. ಡ್ರೈವರ್ ಸಿಗದಿದ್ದರೆ ವಿಂಡೋಸ್ ಸದ್ಯಕ್ಕೆ ಏನೋ ಒಂದು ಕಾಣಿಸಲಿ ಅಂತ ಈ ಬೇಸಿಕ್ ಹಾಕಿಕೊಂಡು ಎದ್ದು ನಿಲ್ಲುತ್ತದೆ. ಅಕ್ಷರ ಕಾಣುತ್ತದೆ, ಮೌಸ್ ಓಡುತ್ತದೆ, ಎಲ್ಲ ಸರಿಯಿದ್ದ ಹಾಗೆಯೇ ಇರುತ್ತದೆ. ಆದರೆ ವಿಡಿಯೋ ಬಿಡಿಸುವ ಕೆಲಸ ಇಡೀ ಪ್ರೊಸೆಸರಿನ ತಲೆಗೇ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಕೆಲಸ ನೂರಕ್ಕೆ ನೂರು. ವೇಷ ದಪ್ಪ ಕಾಣುತ್ತಿದ್ದದ್ದೂ ಇದರಿಂದಲೇ. ಪರದೆಗೆ ಸರಿಯಾದ ಅಳತೆ ಆ ಬೇಸಿಕ್ ಅಡಾಪ್ಟರಿಗೆ ಸಿಗದೆ 1024×768ರಲ್ಲಿ ನಿಂತಿತ್ತು. ಅದನ್ನೇ ಅಗಲ ಪರದೆಗೆ ಎಳೆದು ಹಾಕಿತ್ತು.

ನೆಟ್ ಇದ್ದರೆ ವಿಂಡೋಸ್ ತಾನೇ ಅಪ್‌ಡೇಟಿನಲ್ಲಿ ಡ್ರೈವರ್ ತರಿಸಿಕೊಳ್ಳುತ್ತದಂತೆ. ನಮ್ಮದರಲ್ಲಿ ಯಾಕೆ ತರಿಸಲಿಲ್ಲ? "ಅಪ್‌ಡೇಟ್ ಬಂದ್ ಮಾಡಿ ಕೊಟ್ಟಿದ್ದಾರೆ, ಸ್ಲೋ ಆಗ್ತದೆ ಅಂತ ಯಾರೂ ಬೈಬಾರದಲ್ಲ" ಅಂತ ನಕ್ಕ. ಆ ಅಂಗಡಿಯವರ ಬಗ್ಗೆ ಅದಕ್ಕಿಂತ ಜಾಸ್ತಿ ಒಂದು ಮಾತೂ ಆಡಲಿಲ್ಲ. ಅದು ನನಗೆ ಹಿಡಿಸಿತು.

ಎರಡನೇ ರೋಗ ಬಿಚ್ಚಿದಾಗ ಕಂಡಿತು. ನಮ್ಮಲ್ಲಿ ಕಂಪ್ಯೂಟರ್ ಇರುವ ಕೋಣೆಯ ಪಕ್ಕವೇ ಅಡಿಕೆ ಸುಲಿಯುವ ಜಾಗ. ಪ್ರೊಸೆಸರಿನ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಅಡಿಕೆ ಸಿಪ್ಪೆಯ ನಾರು, ಧೂಳು ಸೇರಿ ಕಂಬಳಿ ಹಾಗೆ ಗಟ್ಟಿಯಾಗಿತ್ತು. ಚಿಮಟದಲ್ಲಿ ಎತ್ತಿದರೆ ಇಡಿಯಾಗಿ ಬಂತು. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು, ಬೋನಸ್ಸು. ಗಾಳಿ ಆಡದೆ ಬಿಸಿಯಾದರೆ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಸುಟ್ಟುಹೋಗಬಾರದಲ್ಲ. ಅರ್ಧ ಗಂಟೆಯ ಮೇಲೆ ಜಾಸ್ತಿಯಾಗುತ್ತಿದ್ದದ್ದು ಅದಕ್ಕೆ. ಬ್ಲೋವರ್ ಹಿಡಿದು, ಪ್ರೊಸೆಸರಿನ ಬಿಸಿಯನ್ನು ರೆಕ್ಕೆಗಳಿಗೆ ದಾಟಿಸುವ, ಒಣಗಿ ಸುಣ್ಣದ ಹಾಗಾಗಿದ್ದ ಹಳೆ ಪೇಸ್ಟ್ ಕೆರೆದು, ಹೊಸದು ಹಚ್ಚಿದ. ಬಟಾಣಿ ಕಾಳಿನಷ್ಟೇ.

ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಆಟ ಹಾಕಿದ. ಸರಿಯಾಗಿತ್ತು. ನಾನು ಪರ್ಸ್ ತೆಗೆದೆ. ಅವನು "ತಾಳಿ ಟೀಚರೇ" ಅಂತ ಗುಣಮಟ್ಟ 1080ಕ್ಕೆ ಏರಿಸಿದ, ಸೆಕೆಂಡಿಗೆ 60 ಫ್ರೇಮಿನದ್ದು, ಅಂದರೆ 60 ಚಿತ್ರದ್ದು. ಮತ್ತೆ ಸಣ್ಣಗೆ ಎಡವಿತು. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಕೊನೆಯಲ್ಲಿರುವ "ಸ್ಟಾಟ್ಸ್ ಫಾರ್ ನರ್ಡ್ಸ್" ಒತ್ತಿದ. ಕಪ್ಪು ಚೌಕದಲ್ಲಿ ಇರುವೆಯಂಥ ಅಕ್ಷರ. ಅದರಲ್ಲಿ ನೋಡಬೇಕಾದದ್ದು ಎರಡೇ. ಒಂದು, ಎಷ್ಟು ಫ್ರೇಮಿನಲ್ಲಿ ಎಷ್ಟು "ಡ್ರಾಪ್ಡ್" ಅಂದರೆ ಬಿದ್ದುಹೋಯಿತು ಅಂತ. ಅದು ನಮ್ಮ ಕಣ್ಣೆದುರೇ 40, 55, 71 ಅಂತ ಏರುತ್ತಿತ್ತು. ಮಾವ ಲಯ ತಪ್ಪಿತು ಅಂದದ್ದು ಈ ಬಿದ್ದ ಫ್ರೇಮುಗಳನ್ನೇ! ಇನ್ನೊಂದು, ಕೋಡೆಕ್ ಎಂಬ ಸಾಲು. ಅಲ್ಲಿ "ವಿಪಿ09" ಅಂತ ಇತ್ತು.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವಿಡಿಯೋ ಇದ್ದ ಹಾಗೇ ನೆಟ್ಟಿನಲ್ಲಿ ಬರುವುದಿಲ್ಲ, ಗಂಟು ಕಟ್ಟಿ ಬರುತ್ತದೆ. ಗಂಟಿನಲ್ಲಿ ಬೇರೆ ಬೇರೆ ಜಾತಿ, ಆ ಜಾತಿಗೇ ಕೋಡೆಕ್ ಅನ್ನುವುದು. ಎಚ್.264 ಎಂಬುದು 2003ರಿಂದ ಇರುವ ಹಳೆ ಜಾತಿ. ವಿಪಿ9 2013ರದ್ದು, ಎವಿ1 2018ರದ್ದು. ಹೊಸ ಗಂಟುಗಳು ಸಣ್ಣದಾಗಿ ಕಟ್ಟುತ್ತವೆ, ಡೇಟಾ ಉಳಿಯುತ್ತದೆ, ಆದರೆ ಬಿಚ್ಚುವುದು ಕಷ್ಟ. ನಮ್ಮ ಕಂಪ್ಯೂಟರಿನದ್ದು ಇಂಟೆಲಿನ ನಾಲ್ಕನೇ ತಲೆಮಾರಿನ ಐ3. ಎಚ್.264 ಬಿಚ್ಚಲಿಕ್ಕೆ ಅದರ ಗ್ರಾಫಿಕ್ಸ್ ಭಾಗದಲ್ಲೇ ಬೇರೆ ಯಂತ್ರ ಉಂಟು. ವಿಪಿ9ಕ್ಕೆ ಅಂಥ ಪೂರ್ತಿ ಯಂತ್ರ ಬಂದದ್ದು ಏಳನೇ ತಲೆಮಾರಿನಿಂದ, ಎವಿ1ಕ್ಕೆ ಹನ್ನೊಂದನೆಯದರಿಂದ. ನಮ್ಮ ಅಡಿಕೆ ಸುಲಿಯುವ ಮೆಷಿನ್ ಹಾಗೆಯೇ. ಒಣಗಿದ ಚಾಲಿ ಹಾಕಿದರೆ ಹಬ್ಬ, ಬೇರೆ ಏನಾದರೂ ಹಾಕಿದರೆ ಕೊನೆಗೆ ಮೆಟ್ಟುಕತ್ತಿ ಹಿಡಿದು ಕೈಯಲ್ಲೇ ಸುಲಿಯಬೇಕು. ಯೂಟ್ಯೂಬ್ ನಮ್ಮ ಮೆಷಿನಿಗೆ ಯಾವುದು ಆಗುತ್ತದೆ ಅಂತ ಕೇಳದೆ ಹೊಸ ಗಂಟನ್ನೇ ಕೊಡುತ್ತಿತ್ತು.

ಅದಕ್ಕೆ ಅವನು ಫೈರ್‌ಫಾಕ್ಸ್ ಹಾಕಿ, ಅದರಲ್ಲಿ ಎಚ್264ಇಫೈ ಎಂಬ ಸಣ್ಣ ಎಕ್ಸ್‌ಟೆನ್ಶನ್ ಸೇರಿಸಿದ. ಅದು ಯೂಟ್ಯೂಬಿಗೆ "ನಮಗೆ ಹಳೆ ಗಂಟೇ ಸಾಕು" ಅಂತ ಹೇಳುತ್ತದೆ. ಮತ್ತೆ ಅದೇ ಆಟ, ಅದೇ 1080. ಕೋಡೆಕ್ ಸಾಲಿನಲ್ಲಿ ಈಗ "ಎವಿಸಿ1", ಅಂದರೆ ಅದೇ ಎಚ್.264. ಬಿದ್ದ ಫ್ರೇಮು ಸುರುವಿನ ಮೂರಕ್ಕೆ ನಿಂತಿತು. ಮೂರು ನಿಮಿಷ ನೋಡಿದೆ, ಮೂರೇ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಕೆಲಸ ನೂರಕ್ಕೆ ಇಪ್ಪತ್ತರ ಆಸುಪಾಸು. ಇದರಲ್ಲಿ ಒಂದು ಮಿತಿ ಉಂಟು: ಯೂಟ್ಯೂಬಿನಲ್ಲಿ ಎಚ್.264 ಸಿಗುವುದು 1080ರ ತನಕ. 4ಕೆ ಬೇಕಾದವರಿಗೆ ಈ ಉಪಾಯ ನಡೆಯುವುದಿಲ್ಲ. ನಮ್ಮ ಮಾನಿಟರೇ 1080, ನಮಗೆಂತಕೆ 4ಕೆ?

ಅಲ್ಲಿಗೆ ಬಿಟ್ಟಿದ್ದರೂ ನಾನು ಈ ವಿಮರ್ಶೆ ಬರೆಯುತ್ತಿದ್ದೆ. ಆದರೆ ನನ್ನ ಚೀಲದಲ್ಲಿ ಒಂದು ಡಿವಿಡಿ ಇತ್ತು. ಮಗನ ಉಪನಯನದ ಕ್ಯಾಸೆಟ್ಟನ್ನು ಎಷ್ಟೋ ವರ್ಷದ ಹಿಂದೆ ಡಿವಿಡಿ ಮಾಡಿಸಿದ್ದು. ಅದರಲ್ಲಿ ಅತ್ತೆ ಇದ್ದಾರೆ, ಈಗ ಇಲ್ಲದವರು. ಯಾರಾದರೂ ಕೈ ಬೀಸಿದರೆ ಕೈಯ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆಯಾಗಿ ಒಡೆಯುತ್ತದೆ. ಅತ್ತೆ ಅರಿಶಿನ ಹಚ್ಚುವ ಜಾಗದಲ್ಲಿ ಬಳೆಗಳೆಲ್ಲ ಗರಗಸ. ಇದೂ ಡ್ರೈವರಿನದ್ದೇ ಇರಬೇಕು ಅಂತ ನಾನಂದುಕೊಂಡಿದ್ದೆ.

"ಇದು ಬೇರೆ" ಅಂದ. ಹಳೆ ಟಿವಿ ಪದ್ಧತಿಯಲ್ಲಿ, ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ, ಸೆಕೆಂಡಿಗೆ 25 ಚಿತ್ರ. ಒಂದೊಂದು ಚಿತ್ರವನ್ನೂ ಎರಡು ಅರ್ಧವಾಗಿ ಕಳಿಸುತ್ತಿದ್ದರು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹಾಗೆ ಸೆಕೆಂಡಿಗೆ 50 ಅರ್ಧ. ಹಳೆ ಡಬ್ಬಾ ಟಿವಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡು ಅರ್ಧವನ್ನೂ ಒಟ್ಟಿಗೆ ತೋರಿಸುತ್ತದೆ. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ, ಅರ್ಧ ಗೆರೆ ಇಲ್ಲಿ, ಅರ್ಧ ಅಲ್ಲಿ. ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ ಕೀಬೋರ್ಡಿನ ಡಿ ಒತ್ತಿದ. ಗೆರೆ ಮಾಯ! ವಿಡಿಯೋ ಮೆನುವಿನಲ್ಲಿ ಡಿಇಂಟರ್ಲೇಸ್ ಮೋಡ್ ಎಂಬಲ್ಲಿ "ಯಾಡಿಫ್ 2ಎಕ್ಸ್" ಆರಿಸಿದ. ಆ 50 ಅರ್ಧಗಳನ್ನು 50 ಪೂರ್ತಿ ಚಿತ್ರ ಮಾಡಿ ತೋರಿಸುತ್ತದಂತೆ. ಅತ್ತೆಯ ಕೈ ನುಣ್ಣಗೆ ಓಡಿತು, ಹಸಿರು ಬಳೆ ಒಂದೊಂದೂ ಬೇರೆ ಬೇರೆ ಕಂಡಿತು. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಬೇರೆ ಯಾರದ್ದೋ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚುತ್ತಾ ಕೂತ.

ಒಂದು ವಿಸಿಡಿಯೂ ಇತ್ತು, ಹಳೆ ಆಟದ್ದು. ಅದನ್ನು ಮುಟ್ಟಲಿಲ್ಲ. 352×288 ಚುಕ್ಕಿ, ಅಷ್ಟೇ. ಬಣ್ಣದ ವೇಷದ ಮುಖದ ಚುಟ್ಟಿ (ಅಕ್ಕಿ ಹಿಟ್ಟಿನ ಚುಕ್ಕಿಗಳು) ಅದರಲ್ಲಿ ಅವಲಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. "ಪಾತ್ರೆಯಲ್ಲಿ ಇದ್ದಷ್ಟೇ ಬಡಿಸ್ಲಿಕ್ಕೆ ಆಗುವುದು ಟೀಚರೇ" ಅಂದ.

ಬಿಲ್ಲು: ಡ್ರೈವರ್, ಅಪ್‌ಡೇಟ್, ಪ್ಲೇಯರ್ ಎಲ್ಲ ಸೇರಿ 300. ಕ್ಲೀನಿಂಗ್, ಪೇಸ್ಟ್ 150. ಒಟ್ಟು 450. ರಾಮ್ 4 ಜಿಬಿ ಸಾಲದು, ಹಾಕಬೇಕಾ ಅಂತ ನಾನೇ ಕೇಳಿದೆ. "ಆಟ ನೋಡ್ಲಿಕ್ಕೆ ಸಾಕು" ಅಂದ. ಮಾರಲಿಕ್ಕೆ ಮನಸ್ಸಿಲ್ಲದ ಅಂಗಡಿ ನಾನು ನೋಡಿದ್ದು ಕಡಿಮೆ.

ಈಗ ದೂರು. ಕೇಳದೆ ಬಿಲ್ಲು ಕೊಡುವುದಿಲ್ಲ, ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತಾನೆ. ಫೋನ್ ಎತ್ತುವುದಿಲ್ಲ. ಇದು ಸಣ್ಣ ದೂರಲ್ಲ. ಮಾನಿಟರಿನ ನೀಲಿ ತಲೆಯ ವಿಜಿಎ ವಯರ್ ತೆಗೆದು, ಮನೆಯಲ್ಲಿ ಸೆಟ್‌ಟಾಪ್ ಬಾಕ್ಸಿನ ಹಳೆ ಎಚ್‌ಡಿಎಂಐ ಇದ್ದರೆ ಚುಚ್ಚಿ, ಅಕ್ಷರ ಚೂಪಾಗ್ತದೆ ಅಂದಿದ್ದ. ಚುಚ್ಚಿದೆ. ಚೂಪಾಯಿತು. ಆದರೆ ರಾತ್ರಿಯ ಕಪ್ಪು ಹೋಗಿ ಬೂದಿ ಬಣ್ಣ ಬಂತು. ರಂಗಸ್ಥಳದ ಹಿಂದೆ ಕತ್ತಲೆಯೇ ಇಲ್ಲ, ಹೊಗೆ ಹಾಕಿದ ಹಾಗೆ. ಎರಡು ದಿನ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಅವನೇ ಮಾಡಿ, ಇಂಟೆಲ್ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಕ್ವಾಂಟೈಸೇಶನ್ ರೇಂಜ್ ಹುಡುಕಿಸಿ ಫುಲ್ ಮಾಡಿಸಿದ. ಎಚ್‌ಡಿಎಂಐ ಚುಚ್ಚಿದರೆ ಡ್ರೈವರ್ ಇದು ಟಿವಿ ಅಂತ ಅಂದುಕೊಂಡು ಕಪ್ಪನ್ನು 0 ಬದಲು 16ರಿಂದ, ಬಿಳಿಯನ್ನು 255 ಬದಲು 235ಕ್ಕೆ ಲೆಕ್ಕ ಹಾಕುತ್ತದಂತೆ. ಸರಿ ಮಾಡಿದ ಕೂಡಲೇ ಕತ್ತಲೆ ವಾಪಸ್ ಬಂತು. ಹತ್ತು ನಿಮಿಷ ತಾಳ್ಮೆಯಿಂದ ಹೇಳಿದ, ದುಡ್ಡು ಕೇಳಲಿಲ್ಲ. ಆದರೂ ಎರಡು ದಿನ ಎರಡು ದಿನವೇ.

ಇನ್ನೊಂದು ವಿಷಯ ಅವನೇ ಎಚ್ಚರಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲಿನಲ್ಲಿ ಎಂಟನೇ ತಲೆಮಾರು ಬೇಕು, ನಮ್ಮದು ಲೆಕ್ಕಕ್ಕೇ ಇಲ್ಲ. "ಬ್ಯಾಂಕಿನದ್ದು, ಪಿಂಚಣಿಯದ್ದು ಎಂತದ್ದೂ ಇದರಲ್ಲಿ ಮಾಡ್ಬೇಡಿ. ಆಟಕ್ಕೆ ಮಾತ್ರ" ಅಂದ. ಹಾಗೆಯೇ ಮಾಡುತ್ತಿದ್ದೇನೆ. ಮಳೆಗಾಲದ ಮೊದಲು ಎಲ್ಲ ವಯರ್ ಕಿತ್ತಿಡಲು ಮಗ ಬೆಂಗಳೂರಿನಿಂದ ಫೋನಿನಲ್ಲೇ ಆಜ್ಞೆ ಮಾಡಿದ್ದಾನೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಫೋನ್ ಎತ್ತಿದ್ದರೆ ನಾಲ್ಕೂವರೆ. ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ಸಿಪಿಯು ಮಾತ್ರ ತಗೊಂಡು ಹೋದರೆ ಸಾಕು, ಮಾನಿಟರ್ ಹೊರುವುದು ಬೇಡ. ಏನಾಗುತ್ತದೆ ಅಂತ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಹಿಡಿದುಕೊಂಡು ಹೋದರೆ ಅವನಿಗೂ ಸುಲಭ.

ಮೊನ್ನೆ ಶನಿವಾರ ರಾತ್ರಿ ಮಾವ ಅಭಿಮನ್ಯು ನೋಡುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತಿದ್ದೆ. "ಇವ ಪುನಃ ತಾಳ ಬಿಟ್ಟ!" ಅಂತ ಕೂಗಿದರು. ಎದೆ ಧಸಕ್ ಅಂತು. ಕೈ ಒರೆಸಿಕೊಂಡು ಓಡಿದೆ, ರೈಟ್ ಕ್ಲಿಕ್ ಮಾಡಿ ಆ ಕಪ್ಪು ಚೌಕ ತೆರೆದೆ. ಬಿದ್ದ ಫ್ರೇಮು ಸೊನ್ನೆ. ಹಿಂದೆ ಹಾಕಿ ಇನ್ನೊಮ್ಮೆ ನೋಡಿದೆವು, ಇಬ್ಬರೂ. ಈ ಸಲ ತಪ್ಪಿದ್ದು ವೇಷದವನೇ.